ಗ್ರೇಸ್ ಅನಾಟಮಿ: ಮೆರೆಡಿತ್–ಕ್ರಿಸ್ಟಿನಾ ಸ್ನೇಹ ಮತ್ತು ಸಂಘರ್ಷ

‘ಗ್ರೇಸ್ ಅನಾಟಮಿ’ 2005ರ ಮಾರ್ಚ್ 27ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾದ ಧಾರಾವಾಹಿ. ಇದನ್ನು ರೂಪಿಸಿದವರು ಶೋಂಡಾ ರೈಮ್ಸ್. ಕಥೆ ನಡೆಯುವುದು ಸಿಯಾಟಲ್‌ನ ಕಾಲ್ಪನಿಕ ಆಸ್ಪತ್ರೆಯೊಂದರಲ್ಲಿ. ಮೆರೆಡಿತ್ ಮತ್ತು ಡೆರೆಕ್ ಪ್ರೇಮಕ್ಕೆ ಹೆಚ್ಚು ಪ್ರಚಾರ ಸಿಕ್ಕಿತು ನಿಜ. ಆದರೆ ಮೊದಲ ಹತ್ತು ಸೀಸನ್‌ಗಳನ್ನು ಹೊತ್ತು ನಡೆದದ್ದು ಎಲೆನ್ ಪೊಂಪೆಯೊ ನಟಿಸಿದ ಮೆರೆಡಿತ್ ಗ್ರೇ ಮತ್ತು ಸಾಂಡ್ರಾ ಓ ನಟಿಸಿದ ಕ್ರಿಸ್ಟಿನಾ ಯಾಂಗ್ ನಡುವಿನ ಸ್ನೇಹ.

ಸ್ನೇಹದ ಬಗೆ

ಇಬ್ಬರೂ ಸರ್ಜರಿ ಕಲಿಯಲು ಬಂದ ಇಂಟರ್ನ್‌ಗಳು. ಆಪರೇಷನ್ ಥಿಯೇಟರ್‌ಗೆ ಕಾಲಿಡುವ ಅವಕಾಶಕ್ಕಾಗಿ ದಿನವೂ ಪೈಪೋಟಿ. ಎರಡನೇ ಸೀಸನ್ನಿನ ಆರಂಭದಲ್ಲಿ ಗರ್ಭಪಾತಕ್ಕೆ ಹೆಸರು ನೋಂದಾಯಿಸುವ ಕ್ರಿಸ್ಟಿನಾ, ತುರ್ತು ಸಂಪರ್ಕಕ್ಕೆ ಮೆರೆಡಿತ್ ಹೆಸರು ಕೊಡುತ್ತಾಳೆ. ಗೆಳತಿ ತಬ್ಬಿಕೊಂಡರೆ ಮಾತ್ರ ಮುಜುಗರಪಡುತ್ತಾಳೆ.

ಹತ್ತನೇ ಸೀಸನ್‌ನ ಬಿರುಕು

2013–14ರ ಈ ಸೀಸನ್‌ನಲ್ಲಿ ಮೆರೆಡಿತ್ ಇಬ್ಬರು ಮಕ್ಕಳ ತಾಯಿ. ಕ್ರಿಸ್ಟಿನಾ ಮಕ್ಕಳೇ ಬೇಡವೆಂದು ನಿರ್ಧರಿಸಿದವಳು. ಒಂದು ಶಸ್ತ್ರಚಿಕಿತ್ಸೆ ಮೆರೆಡಿತ್ ಕೈತಪ್ಪಿ ಕ್ರಿಸ್ಟಿನಾಳ ಪಾಲಾಗುತ್ತದೆ. ನೀನು ಹಿಂದೆ ಬಿದ್ದಿದ್ದೀಯ ಎಂದು ಕ್ರಿಸ್ಟಿನಾ ಮುಖಕ್ಕೆ ಹೇಳಿಬಿಡುತ್ತಾಳೆ. ಮುಂದೆ 3ಡಿ ಪ್ರಿಂಟರ್ ವಿಷಯಕ್ಕೂ ಜಗಳ: ಅದರಲ್ಲಿ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ವೇನ್ ತಯಾರಿಸುವುದು ಮೆರೆಡಿತ್ ಸಂಶೋಧನೆ, ಕ್ರಿಸ್ಟಿನಾ ತನ್ನ ಹೃದ್ರೋಗಿಗಾಗಿ ಅದೇ ಯಂತ್ರವನ್ನು ಬಳಸಿಕೊಳ್ಳುತ್ತಾಳೆ.

ಇಬ್ಬರಲ್ಲಿ ಯಾರನ್ನೂ ಖಳನಾಯಕಿ ಮಾಡದಿರುವುದೇ ಈ ಬರವಣಿಗೆಯ ಹೆಚ್ಚುಗಾರಿಕೆ. ಕೈಗೆ ಅಭ್ಯಾಸ ತಪ್ಪಿದರೆ ಸರ್ಜನ್ ಹಿಂದುಳಿಯುತ್ತಾಳೆ. ಕ್ರಿಸ್ಟಿನಾ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಅದು ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ. ಅದೇ ಮಕ್ಕಳ ತಂದೆ ಡೆರೆಕ್‌ನ ಕೆಲಸದ ಬಗ್ಗೆ ಇಂಥ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಹೆಂಡತಿಯ ಸಂಶೋಧನೆಗಾಗಿ ಹಿಂದೆ ಸರಿಯುತ್ತೇನೆಂದು ಮಾತು ಕೊಟ್ಟವನೇ ಅಮೆರಿಕದ ಅಧ್ಯಕ್ಷರ ಮಿದುಳು ಸಂಶೋಧನಾ ಯೋಜನೆಗೆ ಒಪ್ಪಿಕೊಳ್ಳುತ್ತಾನೆ. ಮನೆಯ ಹೊರೆ ಮತ್ತೆ ಅವಳ ಮೇಲೇ. ಗೆಳತಿಯರ ಜಗಳದ ಬೇರು ಇರುವುದು ಅಲ್ಲಿ.

ಅಗಲಿಕೆ

ಮಾತು ಬಿಟ್ಟವರು ಮತ್ತೆ ಒಂದಾಗುತ್ತಾರೆ. 2014ರ ಮೇ ತಿಂಗಳ ಸಂಚಿಕೆಯಲ್ಲಿ ಕ್ರಿಸ್ಟಿನಾ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೊರಡುತ್ತಾಳೆ. ಡೆರೆಕ್‌ನ ನೆರಳಿನಲ್ಲಿ ಮರೆಯಾಗಬೇಡ ಎಂಬುದು ಅವಳು ಗೆಳತಿಗೆ ಹೇಳಿಹೋಗುವ ಮಾತು. ಇದೇ ಪಾತ್ರಕ್ಕೆ ಸಾಂಡ್ರಾ ಓ 2006ರಲ್ಲಿ ಗೋಲ್ಡನ್ ಗ್ಲೋಬ್ ಪಡೆದಿದ್ದರು.

ಕಥೆಯೊಳಗಿನ ಅತ್ಯುನ್ನತ ಸರ್ಜರಿ ಪ್ರಶಸ್ತಿ ಹಾರ್ಪರ್ ಏವರಿ. ಹತ್ತನೇ ಸೀಸನ್‌ನಲ್ಲಿ ಅದು ಕ್ರಿಸ್ಟಿನಾಳ ಕೈತಪ್ಪಿತ್ತು. 2017ರಲ್ಲಿ ಪ್ರಸಾರವಾದ 300ನೇ ಸಂಚಿಕೆಯಲ್ಲಿ ಅದನ್ನು ಗೆದ್ದವಳು ಮೆರೆಡಿತ್. ಆಗ ಅವಳು ಮೂರು ಮಕ್ಕಳ ತಾಯಿ.