ಹೃದಯದ ಬರಹದಲ್ಲಿ 25 ಅಕ್ಷರ ಕಾಣೆ

ಗಟ್ಟಿಮುಟ್ಟಾದ ಹುಡುಗನೊಬ್ಬ ಓಡುತ್ತಿದ್ದಾಗಲೇ ಕುಸಿದು ಸತ್ತರೆ, ‘ಯಾರೋ ಕೊಳ್ಳೇಗಾಲಕ್ಕೆ ಹೋಗಿ ಮಾಡಿಸಿದ್ದಾರೆ’ ಎನ್ನುವ ಮಾತು ಹಳೆ ಮೈಸೂರು ಸೀಮೆಗೆ ಹೊಸದಲ್ಲ. ರೇಷ್ಮೆಗೆ ಹೆಸರಾದ ಊರಿಗೆ ಸುಮ್ಮನೆ ಅಂಟಿದ ಅಪವಾದವದು. ನೆರೆಯ ಹನೂರು, ಯಳಂದೂರಿಗೂ ಅದರ ಬಿಸಿ ತಟ್ಟದೆ ಇಲ್ಲ. ಇಂಥ ಕೆಲವು ಸಾವುಗಳಿಗೆ ವೈದ್ಯರು ಹೇಳುವ ಕಾರಣವೇ ಬೇರೆ: ವಂಶದಲ್ಲಿ ಇಳಿದುಬಂದ ದೋಷದಿಂದ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ.

2009ರಲ್ಲಿ ಪೆರುಂದುರೈ ದಂಡಪಾಣಿ, ಹೈದರಾಬಾದಿನ ಸಿ.ಸಿ.ಎಂ.ಬಿ.ಯ ಕೆ. ತಂಗರಾಜ್ ಮತ್ತು ಸಂಗಡಿಗರು ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಹೃದಯಸ್ನಾಯುವಿನ ಎಳೆತಕ್ಕೆ ಕಡಿವಾಣ ಹಾಕುವ ಪ್ರೋಟೀನಿನ ವಂಶವಾಹಿಯಲ್ಲಿ, ನೂರಕ್ಕೆ ಸುಮಾರು ನಾಲ್ವರು ಭಾರತೀಯರಲ್ಲಿ, 25 ಅಕ್ಷರಗಳೇ ಇಲ್ಲ! ಈ ಲೋಪ ಸುಮಾರು 33,000 ವರ್ಷಗಳಷ್ಟು ಹಳೆಯದೆಂದು ಅವರ ಅಂದಾಜು. ತೊಂದರೆ ಸಾಮಾನ್ಯವಾಗಿ ನಡುವಯಸ್ಸಿನ ಮೇಲೆ ತೋರುವುದರಿಂದ, ಅಷ್ಟರಲ್ಲಿ ಅದು ಮಕ್ಕಳಿಗೆ ದಾಟಿಬಿಟ್ಟಿರುತ್ತದೆ.

ಹಾಗಾದರೆ ಇಷ್ಟು ಕೋಟಿ ಜನರೂ ಅಪಾಯದಲ್ಲಿದ್ದಾರೆಯೇ? ಲೋಪವಿದ್ದೂ ಮುಪ್ಪಿನವರೆಗೆ ಆರೋಗ್ಯವಾಗಿದ್ದವರು ಬೇಕಾದಷ್ಟು. ಬದುಕಿರುವವರ ಹೃದಯವನ್ನು ಕತ್ತರಿಸಿ ನೋಡುವಂತಿಲ್ಲ. ಇಲಿಯನ್ನು ನೋಡೋಣವೆಂದರೆ ಅದರ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುತ್ತದೆ.

ದಾರಿ ತೆರೆದದ್ದು ಜಪಾನಿನ ಕ್ಯೋಟೊದಲ್ಲಿ. ಇಲಿಯ ಚರ್ಮದ ಕೋಶಕ್ಕೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅದನ್ನು ಆಕರಕೋಶವಾಗಿ, ಅಂದರೆ ಯಾವ ಅಂಗದ ಕೋಶವಾದರೂ ಆಗಬಲ್ಲ ಸ್ಥಿತಿಗೆ, ಶಿನ್ಯಾ ಯಮನಾಕಾ 2006ರಲ್ಲಿ ಹಿಂದಿರುಗಿಸಿದರು. ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ರೋಗಿಯ ತುಸು ಚರ್ಮ ಅಥವಾ ರಕ್ತ ಸಾಕು. ಅವನದೇ ಹೃದಯಕೋಶಗಳು ಗಾಜಿನ ತಟ್ಟೆಯಲ್ಲಿ ಮಿಡಿಯುತ್ತವೆ.

ಸಕ್ತಿವೇಲ್ ಸದಯಪ್ಪನ್ ಅವರ ತಂಡ ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾದವರನ್ನು ಪರೀಕ್ಷಿಸಿ 2018ರಲ್ಲಿ ಹೊಸ ವಿಷಯ ಹೇಳಿತು. ಲೋಪವಿದ್ದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದೇ ವಂಶವಾಹಿಯಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಅಂಥವರ ಆಕರಕೋಶಗಳಿಂದ ಬೆಳೆಸಿದ ಹೃದಯಕೋಶಗಳು ಅತಿಯಾಗಿ ಹಿಂಡಿಕೊಂಡವು. ಅನುಮಾನ ಆಗ ಆ ಜೊತೆಗಾರನ ಮೇಲೂ ಹೊರಳಿತು. ಕೋಟ್ಯಂತರ ಜನರಿಗೆ ಇದು ಸಣ್ಣ ಸಮಾಧಾನವಲ್ಲ.

ದಂಡಪಾಣಿ ಮುಂದೆ ಬೆಂಗಳೂರಿನ ಆಕರಕೋಶ ಸಂಶೋಧನಾ ಸಂಸ್ಥೆ ‘ಇನ್‌ಸ್ಟೆಮ್’ ಸೇರಿ ಹೃದಯಸ್ನಾಯುವಿನ ಕಾಯಿಲೆಗಳ ಅಧ್ಯಯನ ಮುಂದುವರಿಸಿದರು. ತಟ್ಟೆಯ ಕೋಶಗಳಿಗೂ ಮಿತಿಯುಂಟು. ಅವು ಗರ್ಭದ ಶಿಶುವಿನ ಹೃದಯಕೋಶಗಳಷ್ಟು ಎಳಸು; ಅರವತ್ತರ ರೈತನ ರಕ್ತದೊತ್ತಡ, ಬೀಡಿಯ ಹೊಗೆ ಅವಕ್ಕೆ ಗೊತ್ತಿಲ್ಲ.

ಸ್ನಾಯುವಿನ ಅತಿ ಬಿಗಿತವನ್ನು ಸಡಿಲಿಸುವ ‘ಮಾವಕಾಮ್ಟೆನ್’ ಮಾತ್ರೆಗೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದನ್ನು ನುಂಗುವವರು ಆಗಾಗ ಎಕೋ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಹಿಡಿತ ಮಿತಿಮೀರಿ ಸಡಿಲಾದರೆ ಹೃದಯ ರಕ್ತವನ್ನು ತಳ್ಳಲಾರದೆ ಸೋಲುತ್ತದೆ.