ತಾಳೀಕೋಟೆಗೆ ಮೊದಲೇ ಬಿಟ್ಟ ಬಿರುಕು

ಹಂಪಿಯ ಯಾವ ಗೈಡನ್ನು ಕೇಳಿದರೂ ಕಥೆ ಒಂದೇ: 1565ರ ಜನವರಿ 23, ದಖ್ಖನಿನ ಸುಲ್ತಾನರೊಡನೆ ತಾಳೀಕೋಟೆ ಕಾಳಗ, ಅಳಿಯ ರಾಮರಾಯನ ತಲೆ ಉರುಳಿತು, ಆರು ತಿಂಗಳ ಲೂಟಿ, ವಿಜಯನಗರ ಮುಗಿಯಿತು. ಈ ಕಥೆಗೆ ಇಂದಿನ ರೂಪ ಕೊಟ್ಟವನು ಮದ್ರಾಸ್ ಸಿವಿಲ್ ಸರ್ವಿಸಿನ ರಾಬರ್ಟ್ ಸೆವೆಲ್. 1900ರ ಅವನ ಪುಸ್ತಕ ಪಾಯೆಸ್, ನೂನಿಜ್‌ರ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದಿತು; ಆ ಉಪಕಾರ ದೊಡ್ಡದು. ಆದರೆ ಪತನದ ಕಥೆಗೆ ಅವನು ಬಹುಮಟ್ಟಿಗೆ ನೆಚ್ಚಿದ್ದು ಫಿರಿಶ್ತಾನನ್ನು. ಫಿರಿಶ್ತಾ ಬರೆದದ್ದು ಕಾಳಗ ನಡೆದು ನಾಲ್ಕು ದಶಕವಾದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ. ಗೆದ್ದವರ ಮನೆಯ ಕಥೆಯಲ್ಲಿ ಕಾಳಗವೇ ದೊಡ್ಡದಾಗುವುದು ಸಹಜ.

1917ರಲ್ಲಿ ಎರಡು ಪುಸ್ತಕ ಬಂದವು. ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳನ್ನು ಒಂದೊಂದಾಗಿ ವರ್ಣಿಸಿದ. ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ದಲ್ಲಿ ಕನ್ನಡಿಗರನ್ನು ಬಡಿದೆಬ್ಬಿಸಿದರು. ಅದೇ ವರ್ಷ ರಷ್ಯಾದ ಝಾರ್ ಎರಡನೇ ನಿಕೊಲಾಸ್ ಪಟ್ಟ ಬಿಟ್ಟಿಳಿದ. ಅವನನ್ನು ಇಳಿಸಿದ್ದು ಮಹಾಯುದ್ಧವೋ, 1905ರಿಂದಲೂ ಕುದಿಯುತ್ತಿದ್ದ ಒಳಗಿನ ಅಸಮಾಧಾನವೋ ಎಂದು ಅಲ್ಲಿನ ಚರಿತ್ರಕಾರರು ಇಂದಿಗೂ ಜಗಳವಾಡುತ್ತಾರೆ. ನಮ್ಮಲ್ಲಿ ಆ ಪ್ರಶ್ನೆ ಏಳುವುದು ತುಸು ತಡವಾಯಿತು.

ಎದ್ದದ್ದು ಫಾದರ್ ಹೆರಾಸರ ಅರವೀಡು ವಂಶದ ಇತಿಹಾಸದಿಂದ (1927), ಆಮೇಲೆ ನೀಲಕಂಠ ಶಾಸ್ತ್ರಿ ಮತ್ತು ವೆಂಕಟರಮಣಯ್ಯ 1946ರಲ್ಲಿ ಹೊರತಂದ ಆಕರ ಸಂಪುಟಗಳಿಂದ. ಅಲ್ಲಿ ಕಣ್ಣು ಕಾಳಗದಿಂದ ಅರಮನೆಗೆ ಹೊರಳಿತು. 1542ರಲ್ಲಿ ಅಚ್ಯುತರಾಯ ತೀರಿಕೊಂಡ. ಪಟ್ಟಕ್ಕೆ ಬಂದ ಎಳೆಯ ಮಗ ವೆಂಕಟನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ಅವನನ್ನು ಮುಗಿಸಿದ ರಾಮರಾಯ ರಾಜವಂಶದ ಸದಾಶಿವನನ್ನು ಸಿಂಹಾಸನದಲ್ಲಿ ಕೂರಿಸಿದ, ಬರುಬರುತ್ತ ಸೆರೆಯಾಳಂತೆ ಇಟ್ಟ. ಆಯಕಟ್ಟಿನ ಜಾಗಗಳೆಲ್ಲ ತಮ್ಮಂದಿರಿಗೆ, ನೆಂಟರಿಗೆ. ಶಾಸನದಲ್ಲಿ ಅರಸ ಒಬ್ಬ, ಆಳುವವನು ಇನ್ನೊಬ್ಬ. ನನ್ನ ಮಟ್ಟಿಗೆ ಅರಸೊತ್ತಿಗೆ ಬಿದ್ದದ್ದು ಇಲ್ಲೇ.

ಸೋತ ಮೇಲೆ ಏನಾಯಿತು ಎಂಬುದಕ್ಕೆ ವೆನಿಸ್‌ನ ವರ್ತಕ ಚೇಜರೆ ಫೆಡರಿಚಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. 1567ರಲ್ಲಿ ಬಂದವನು ಏಳು ತಿಂಗಳು ಇಲ್ಲೇ ಉಳಿಯಬೇಕಾಯಿತು, ದಾರಿಯುದ್ದಕ್ಕೂ ಕಳ್ಳರು. ಊರು ಪೂರ್ತಿ ನಾಶವಾಗಿರಲಿಲ್ಲ, ಮನೆಗಳು ನಿಂತಿದ್ದವು, ಒಳಗೆ ಜನವಿರಲಿಲ್ಲ ಎನ್ನುತ್ತಾನೆ. ರಾಮರಾಯನ ತಮ್ಮ ತಿರುಮಲ ರಾಜಧಾನಿಯನ್ನು ಮತ್ತೆ ಕಟ್ಟಲು ಬಂದಿದ್ದ. ಕುದುರೆ ಬೇಕೆಂದು ಗೋವೆಯ ವರ್ತಕರಿಗೆ ಹೇಳಿ ಕಳಿಸಿದ. ಯುದ್ಧದಲ್ಲಿ ಕಳೆದುಹೋದ, ಅರಸನ ಮುದ್ರೆ ಇರುವ ಕುದುರೆಯಾದರೂ ಸರಿ, ಒಳ್ಳೆಯ ಬೆಲೆ ಕೊಡುತ್ತೇನೆಂದ. ಕುದುರೆಗಳು ಬಂದವು. ಎಲ್ಲವನ್ನೂ ಇಟ್ಟುಕೊಂಡು ವರ್ತಕರನ್ನು ಬರಿಗೈಯಲ್ಲಿ ಅಟ್ಟಿದ. ಅಲ್ಲಿಂದ ಪೆನುಗೊಂಡೆಗೆ ಹೋದ. ತಿರುಮಲನ ಮಗ ಸೆರೆಯಲ್ಲಿದ್ದ ಅರಸನನ್ನು ಕೊಂದ, ಅದಕ್ಕೇ ನಾಯಕರು ಯಾರನ್ನೂ ಒಪ್ಪದೆ ದೇಶ ಒಡೆಯಿತು ಎಂಬ ಮಾತೂ ಫೆಡರಿಚಿಯ ಬರಹದಲ್ಲಿದೆ.

1980ರಿಂದೀಚೆಗೆ ಕೆಲಸ ಬಿರುಸಾಯಿತು. ಫ್ರಿಟ್ಜ್, ಮಿಶೆಲ್, ನಾಗರಾಜರಾವ್ ಹಂಪಿಯ ನೆಲವನ್ನು ಗುಡ್ಡ ಗುಡ್ಡವಾಗಿ ಸಮೀಕ್ಷೆ ಮಾಡಿದರು. ತಾಳೀಕೋಟೆಯದು ಧರ್ಮಯುದ್ಧ ಎಂಬ ಹಳೆಯ ವಿವರಣೆಯನ್ನು ಅಲುಗಿಸಿದವರು ಫಿಲಿಪ್ ವ್ಯಾಗನರ್ ಮತ್ತು ರಿಚರ್ಡ್ ಈಟನ್. ವಿಜಯನಗರದ ಅರಸರೇ ಮುಸ್ಲಿಂ ಆಸ್ಥಾನಗಳ ಉಡುಗೆಯಾದ ಕಬಾಯಿ (ನಿಲುವಂಗಿ), ಕುಲಾವಿ (ಟೋಪಿ) ತೊಡುತ್ತಿದ್ದರು; ರಾಮರಾಯ ಹರೆಯದಲ್ಲಿ ಗೋಲ್ಕೊಂಡದ ಸೇವೆಯಲ್ಲಿದ್ದ; ಬಿಜಾಪುರದ ಅಲಿ ಆದಿಲ್‌ಶಾಹನನ್ನು ರಾಮರಾಯನ ಹೆಂಡತಿ ಮಗನೆಂದು ಕರೆದಿದ್ದಳು. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಎರಡು ದಶಕ ಆಡಿದವನ ಎದುರು ಕೊನೆಗೆ ಅವರೇ ಒಂದಾದರು.

ವಿಜಯನಗರಕ್ಕೂ ಮುಂಚಿನ ಕಂಪ್ಲಿ ರಾಜ್ಯದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದಿಲ್ಲಿಯ ವಿರುದ್ಧ ದಂಗೆಯೆದ್ದ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ. 1327ರ ಹೊತ್ತಿಗೆ ತುಘಲಕನ ಸೇನೆ ರಾಜ್ಯವನ್ನೇ ಅಳಿಸಿತು. ಅಲ್ಲಿ ಬೀಳಿಸಿದ್ದು ನೇರ ಯುದ್ಧವೇ. ಆದರೂ ಜನ ಕಂಪಿಲರಾಯನ ಮಗ ಕುಮಾರರಾಮನನ್ನು ದೇವರು ಮಾಡಿಕೊಂಡರು. ರಾಮರಾಯನಿಗೆ ಆ ಭಾಗ್ಯ ಸಿಗಲಿಲ್ಲ.

ಇತ್ತೀಚೆಗೆ ಲೈಸೆಟ್ ಮತ್ತು ಮಾರಿಸನ್ ‘ಪತನ’ ಎಂಬ ಕಲ್ಪನೆಯನ್ನೇ ಪ್ರಶ್ನಿಸಿದ್ದಾರೆ. ಕೆಡವಿದ್ದು ಅರಸೊತ್ತಿಗೆಯ ಗುರುತುಗಳನ್ನು ಆರಿಸಿ ಆರಿಸಿ ಎಂಬುದು ಅವರ ವಾದ. ವಿರೂಪಾಕ್ಷನಿಗೆ ಇಂದಿಗೂ ಪೂಜೆಯಿದೆ, ತುರ್ತಾ ಕಾಲುವೆ ಈಗಲೂ ಗದ್ದೆ ಬಾಳೆಗೆ ನೀರುಣಿಸುತ್ತಿದೆ. ಒಪ್ಪೋಣ. ಆದರೆ ಈ ವಾದ ಒಂದೆಳೆ ಜಾಸ್ತಿಯಾಯಿತು ಅನ್ನಿಸುತ್ತದೆ: ಫೆಡರಿಚಿ ಕಂಡ ಖಾಲಿ ಮನೆಗಳಲ್ಲಿ ಇದ್ದವರು ಅರಸರಲ್ಲ.