ಕಾಣದ ಟಿಕೆಟ್, ಮುಗಿಯದ ಸ್ಪ್ರಿಂಟ್: ಬ್ಯಾಕ್‌ಲಾಗ್ ದೋಷಗಳ ಪತ್ತೆಗೊಂದು ಕ್ರಮ

ಅಜೈಲ್ ಪದ್ಧತಿಯಲ್ಲಿ ಕೆಲಸ ಮಾಡುವ ತಂಡಗಳಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ನಿನ್ನೆ ಸೇರಿಸಿದ ಟಿಕೆಟ್ ಇವತ್ತು ಬ್ಯಾಕ್‌ಲಾಗ್‌ನಲ್ಲಿ ಕಾಣುವುದಿಲ್ಲ. ಸ್ಪ್ರಿಂಟ್ ಮುಗಿಸಹೊರಟರೆ ತಂತ್ರಾಂಶ ಒಪ್ಪುವುದಿಲ್ಲ. ಎರಡನ್ನೂ ತಂತ್ರಾಂಶದ ದೋಷವೆಂದು ಅಡ್ಮಿನ್‌ಗೆ ದಾಟಿಸಿಬಿಡುವುದು ರೂಢಿ. ಇಂತಹ ತೊಂದರೆಗಳಲ್ಲಿ ಹೆಚ್ಚಿನವು ತಂಡ ತನ್ನೊಳಗೆ ಇತ್ಯರ್ಥ ಮಾಡಿಕೊಳ್ಳದೆ ಬಿಟ್ಟ ವಿಷಯಗಳ ಗುರುತುಗಳು ಎಂಬುದು ಈ ಲೇಖನದ ವಾದ. ಪರಿಶೀಲನೆಗೆ ಅಟ್ಲಾಸಿಯನ್ ಕಂಪನಿಯ ಜಿರಾ ತಂತ್ರಾಂಶವನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಹೋಲಿಕೆಗೆ ಉಡುಪಿ ಜಿಲ್ಲೆಯ ಕೊಕ್ಕರ್ಣೆಯ ನೆರೆಯ ಮಂದಾರ್ತಿಯ ಹರಕೆ ಯಕ್ಷಗಾನ ಆಟಗಳ ಪಟ್ಟಿಯನ್ನು ತೆಗೆದುಕೊಂಡಿದ್ದೇನೆ.

ಕೊಕ್ಕರ್ಣೆಯಲ್ಲಿ ಕುಳಿತು ಈ ವಿಷಯ ಬರೆಯಲು ಕಾರಣವಿದೆ. ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯಿಂದ ಬೆಂಗಳೂರು, ಮಣಿಪಾಲ, ಮಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋದವರು ಬಹಳ ಮಂದಿ. ಉಡುಪಿಯಲ್ಲೇ 1996ರಲ್ಲಿ ರೋಬೊಸಾಫ್ಟ್ ಟೆಕ್ನಾಲಜೀಸ್ ಹುಟ್ಟಿತು. 2021ರಲ್ಲಿ ಜಪಾನಿನ ಟೆಕ್ನೊಪ್ರೊ ಅದನ್ನು ಕೊಂಡಿತು. ಕೋವಿಡ್ ಕಾಲದಲ್ಲಿ ಊರಿನ ಚಾವಡಿಯೇ ಹಲವರಿಗೆ ಆಫೀಸಾಯಿತು. ಈ ಕೆಲಸದ ಒಳಗುಟ್ಟನ್ನು ಕನ್ನಡದಲ್ಲಿ ಚರ್ಚಿಸಿದ ಬರಹ ಮಾತ್ರ ವಿರಳ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಮಂದಿ ಸೇರಿ ಅಜೈಲ್ ಘೋಷಣೆಯನ್ನು ಹೊರಡಿಸಿದರು. ಅದಕ್ಕೂ ಮೊದಲೇ, 1995ರಲ್ಲಿ, ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ಸ್ಕ್ರಮ್ ವಿಧಾನವನ್ನು ವಿದ್ವತ್ಸಭೆಯ ಮುಂದಿಟ್ಟಿದ್ದರು. ನಮ್ಮ ಚರ್ಚೆಗೆ ಹೆಚ್ಚು ಬೇಕಾದದ್ದು ಅವರ ಸ್ಕ್ರಮ್ ಗೈಡ್‌ನಲ್ಲಿ ಆದ ಎರಡು ತಿದ್ದುಪಡಿಗಳು. 2011ರಲ್ಲಿ, ಸ್ಪ್ರಿಂಟ್‌ಗೆ ಆಯ್ದ ಕೆಲಸಗಳನ್ನು ತಂಡ ಕೊಟ್ಟ ಮಾತು ಎನ್ನುವುದನ್ನು ಕೈಬಿಟ್ಟು ಅಂದಾಜು ಎಂದು ಬದಲಿಸಲಾಯಿತು. 2020ರಲ್ಲಿ ಸ್ಪ್ರಿಂಟ್ ಬ್ಯಾಕ್‌ಲಾಗ್ ಎಂದರೆ ಗುರಿ, ಆಯ್ದ ಕೆಲಸಗಳು, ಅವನ್ನು ಮಾಡುವ ಯೋಜನೆ, ಈ ಮೂರೂ ಸೇರಿದ್ದು ಎಂದು ಹೇಳಿ, ಬದ್ಧತೆಯನ್ನು ಗುರಿಗೆ ಮಾತ್ರ ಕಟ್ಟಲಾಯಿತು. ಗುರಿ ಕೆಡದಂತೆ ಕೆಲಸಗಳನ್ನು ಪ್ರಾಡಕ್ಟ್ ಓನರ್ ಜತೆ ಕೂತು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಜಿರಾದ ತೆರೆಯ ಮೇಲೆ ಎದ್ದು ಕಾಣುವುದು ಮಾತ್ರ ಟಿಕೆಟ್‌ಗಳ ಸಾಲು. ಗುರಿಗೆ ಒಂದು ಸಣ್ಣ ಚೌಕವಿದೆ. ಅದನ್ನು ಖಾಲಿ ಬಿಟ್ಟರೂ ಸ್ಪ್ರಿಂಟ್ ಶುರುವಾಗುತ್ತದೆ.

ಮೊದಲು ಕಾಣೆಯಾದ ಟಿಕೆಟ್‌ನ ವಿಷಯಕ್ಕೆ ಬರೋಣ. ಜಿರಾದ ಸ್ಕ್ರಮ್ ಬೋರ್ಡ್‌ನಲ್ಲಿ ಟಿಕೆಟ್‌ಗಳನ್ನು ತುಂಬಿಡುವ ಜಾಗವೆಂಬುದು ಇಲ್ಲ. ಎಲ್ಲ ಟಿಕೆಟ್‌ಗಳೂ ದತ್ತಸಂಚಯದಲ್ಲಿರುತ್ತವೆ. ಬೋರ್ಡ್ ಒಂದು ಫಿಲ್ಟರ್ ಮೂಲಕ ಅಲ್ಲಿಗೆ ಪ್ರಶ್ನೆ ಕಳಿಸಿ, ಬಂದ ಉತ್ತರವನ್ನು ತೋರಿಸುತ್ತದೆ. ಯಾವ ಪ್ರಾಜೆಕ್ಟ್, ಯಾವ ಲೇಬಲ್, ಯಾವ ಬಗೆಯ ಕೆಲಸ ಎಂಬ ಷರತ್ತುಗಳಲ್ಲಿ ಒಂದು ತಪ್ಪಿದರೂ ಟಿಕೆಟ್ ಅಳಿಯದೆಯೇ ಕಣ್ಮರೆಯಾಗುತ್ತದೆ. ಆದ್ದರಿಂದ ಮೊದಲು ಟಿಕೆಟ್ ಸಂಖ್ಯೆಯನ್ನು ನೇರವಾಗಿ ಹುಡುಕಿ ತೆರೆಯಬೇಕು. ತೆರೆದುಕೊಂಡರೆ ಫಿಲ್ಟರ್‌ನ ಪ್ರತಿ ಷರತ್ತನ್ನೂ ಅದರ ವಿವರಗಳೊಂದಿಗೆ ತಾಳೆ ನೋಡಬೇಕು. ಎಳೆದು ಮೇಲೆ ಕೆಳಗೆ ಮಾಡಲು ಬರದಿದ್ದರೂ ನೋಡಬೇಕಾದದ್ದು ಇಲ್ಲಿಯೇ: ಫಿಲ್ಟರ್‌ನ ಕೊನೆಯಲ್ಲಿ ರ‍್ಯಾಂಕ್ ಪ್ರಕಾರ ಜೋಡಿಸು ಎಂಬ ಸೂಚನೆ ಇಲ್ಲದಿದ್ದರೆ ಕ್ರಮ ಬದಲಿಸಲು ಆಗುವುದಿಲ್ಲ. ಬೇರೆ ತಂಡದ ಸ್ಪ್ರಿಂಟ್ ನಮ್ಮ ಬೋರ್ಡ್‌ನಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುವುದೂ ಇದರದೇ ಇನ್ನೊಂದು ಮುಖ. ಆ ಸ್ಪ್ರಿಂಟ್‌ಗೆ ಸೇರಿದ ಒಂದು ಟಿಕೆಟ್ ನಮ್ಮ ಫಿಲ್ಟರ್‌ಗೆ ಹೊಂದಿದರೂ ಸಾಕು. ಎರಡು ತಂಡಗಳು ಒಂದೇ ಪ್ರಾಜೆಕ್ಟ್ ಹಂಚಿಕೊಂಡು, ಯಾವ ಕೆಲಸ ಯಾರದು ಎಂದು ಗೆರೆ ಎಳೆಯದಿರುವುದೇ ಇದರ ಮೂಲ.

ಎರಡನೆಯದು ಸ್ಟೇಟಸ್. ಬೋರ್ಡ್‌ನ ಪ್ರತಿ ಕಾಲಂಗೂ ಕೆಲವು ಸ್ಟೇಟಸ್‌ಗಳನ್ನು ಜೋಡಿಸಿರುತ್ತಾರೆ. ಯಾರೋ ಪರೀಕ್ಷೆಗೆ ಸಿದ್ಧ ಎಂಬ ಹೊಸ ಸ್ಟೇಟಸ್ ಸೇರಿಸಿ ಯಾವ ಕಾಲಂಗೂ ಜೋಡಿಸದಿದ್ದರೆ, ಆ ಹಂತಕ್ಕೆ ಬಂದ ಟಿಕೆಟ್‌ಗಳೆಲ್ಲ ಬೋರ್ಡಿನಿಂದಲೂ ಬ್ಯಾಕ್‌ಲಾಗ್‌ನಿಂದಲೂ ಜಾರಿಹೋಗುತ್ತವೆ. ಬಲತುದಿಯ ಕಾಲಂನಲ್ಲಿದ್ದದ್ದು ಮಾತ್ರ ಮುಗಿದದ್ದು ಎಂಬುದು ಜಿರಾದ ಲೆಕ್ಕ. ಕೋಡ್ ಬರೆದವರು ಮುಗಿಯಿತು ಎಂದರೂ ಟಿಕೆಟ್ ಅದರ ಹಿಂದಿನ ಕಾಲಂನಲ್ಲಿದ್ದರೆ, ಸ್ಪ್ರಿಂಟ್ ಮುಚ್ಚುವಾಗ ಅದು ಬಾಕಿಯೆಂದೇ ದಾಖಲಾಗುತ್ತದೆ. ಸ್ಪ್ರಿಂಟ್ ಮುಚ್ಚಲು ನಿರಾಕರಣೆ ಬಂದರೆ ಮೂಲ ಸ್ಟೋರಿ ಬಲತುದಿ ತಲುಪಿದ್ದರೂ ಅದರ ಸಬ್‌ಟಾಸ್ಕ್ ಹಿಂದುಳಿದಿದೆಯೇ ಎಂದು ನೋಡಬೇಕು. ಜತೆಗೆ ಸ್ಪ್ರಿಂಟ್ ನಿರ್ವಹಿಸುವ ಅನುಮತಿ ಇದೆಯೇ ಎಂದೂ ನೋಡಬೇಕು. ಇವನ್ನೆಲ್ಲ ಸೆಟ್ಟಿಂಗ್‌ನಲ್ಲಿ ಸರಿಪಡಿಸಬಹುದು ನಿಜ. ಆದರೆ ಮುಗಿದದ್ದು ಎಂದರೇನು ಎಂಬುದರಲ್ಲಿ ಡೆವಲಪರ್, ಪರೀಕ್ಷಕರು, ಪ್ರಾಡಕ್ಟ್ ಓನರ್ ಒಮ್ಮತಕ್ಕೆ ಬರುವವರೆಗೆ ಅದೇ ತೊಂದರೆ ಬೇರೆ ಕಾಲಂನಲ್ಲಿ ತಲೆಯೆತ್ತುತ್ತದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಆಳವಾದದ್ದು: ಸ್ಪ್ರಿಂಟ್‌ಗೆ ಮಿತಿಮೀರಿ ಕೆಲಸ ತುಂಬುವುದು. ಮಂದಾರ್ತಿಯ ಪಟ್ಟಿ ಇಲ್ಲಿ ನೆರವಿಗೆ ಬರುತ್ತದೆ. ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಐದು ಯಕ್ಷಗಾನ ಮೇಳಗಳಿವೆ. ಭಕ್ತರು ಹೇಳಿಕೊಂಡ ಹರಕೆ ಆಟಗಳು ಎಷ್ಟೋ ವರ್ಷ ಮುಂದಕ್ಕೆ ಬರೆಸಲ್ಪಟ್ಟಿವೆ. ತಿರುಗಾಟದ ಕಾಲವಾದರೋ ಮಳೆಗಾಲ ಕಳೆದು ಶುರುವಾಗಿ ಮುಂದಿನ ಮಳೆಯ ಮೊದಲು ಮುಗಿಯಬೇಕು. ಮೇಳಕ್ಕೆ ರಾತ್ರಿಗೊಂದು ಆಟ. ಅಂದರೆ ಒಂದು ರಾತ್ರಿಗೆ ಐದು. ಹರಕೆ ಎಷ್ಟೇ ಬೆಳೆಯಲಿ, ಈ ವರ್ಷದ ತಿರುಗಾಟಕ್ಕೆ ಹಿಡಿಸುವುದು ರಾತ್ರಿಗಳ ಲೆಕ್ಕದಷ್ಟೇ. ಬರೆಸಿದವರಿಗೂ ಅದು ಗೊತ್ತು. ಹೆಸರು ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಈ ವರ್ಷವೇ ಚೌಕಿ ಕಟ್ಟುತ್ತಾರೆಂದು ಯಾರೂ ಎಣಿಸುವುದಿಲ್ಲ.

ಸ್ಕ್ರಮ್‌ನ ಮಾತಿನಲ್ಲಿ ಉದ್ದದ ಪಟ್ಟಿ ಪ್ರಾಡಕ್ಟ್ ಬ್ಯಾಕ್‌ಲಾಗ್, ಈ ವರ್ಷದ ತಿರುಗಾಟ ಸ್ಪ್ರಿಂಟ್ ಬ್ಯಾಕ್‌ಲಾಗ್. ವ್ಯತ್ಯಾಸವೂ ಇದೆ. ಹರಕೆಯನ್ನು ತೂಗಿ ಮೇಲೆ ಕೆಳಗೆ ಮಾಡಲು ಬರುವುದಿಲ್ಲ. ಉತ್ಪನ್ನದ ಕೆಲಸಗಳನ್ನು ಹಾಗೆ ಮಾಡಲೇಬೇಕು. ಆದರೂ ಎರಡು ಪಟ್ಟಿಗಳ ನಡುವಿನ ಅಂತರ ಮಂದಾರ್ತಿಯಲ್ಲಿ ಎಷ್ಟು ಸ್ಪಷ್ಟವೋ ಜಿರಾದಲ್ಲಿ ಅಷ್ಟೇ ಮಸುಕು. ಒಂದೇ ಪುಟದಲ್ಲಿ ಮೇಲೆ ಸ್ಪ್ರಿಂಟ್, ಕೆಳಗೆ ಬ್ಯಾಕ್‌ಲಾಗ್. ಮೌಸ್‌ನಿಂದ ಒಂದು ಎಳೆತ ಸಾಕು. ನಡೆಯುತ್ತಿರುವ ಸ್ಪ್ರಿಂಟ್‌ಗೆ ಮ್ಯಾನೇಜರ್ ಒಂದು ತುರ್ತು ಟಿಕೆಟ್ ಎಳೆದರೆ ತಂತ್ರಾಂಶ ಎಚ್ಚರಿಕೆ ಕೊಟ್ಟು ಜಾಗ ಬಿಡುತ್ತದೆ. ಬದಲಿಗೆ ಯಾವುದನ್ನು ಹೊರಗಿಡಬೇಕು ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ತಂಡವೇ ಕೇಳಬೇಕು. ಸ್ಪ್ರಿಂಟ್ ಶುರುವಾದ ಮೇಲೆ ಸೇರಿದ್ದೆಲ್ಲವನ್ನೂ ಜಿರಾದ ವರದಿ ಬೇರೆಯಾಗಿ ಗುರುತಿಸುತ್ತದೆ. ಆ ಗುರುತುಗಳು ಸಾಲುಸಾಲಾಗಿ ಬಂದರೆ ತಂಡದ ವೇಗವನ್ನು ದೂರುವ ಮೊದಲು ಎಳೆದವರು ಯಾರೆಂದು ಟಿಕೆಟ್‌ನ ಇತಿಹಾಸದಲ್ಲಿ ನೋಡಬೇಕು.

ಬರ್ನ್‌ಡೌನ್ ಚಾರ್ಟ್‌ನ ವಿಷಯದಲ್ಲಿ ನಮ್ಮ ಕರಾವಳಿಗೇ ಹತ್ತಿರವಾದ ತೊಡಕೊಂದಿದೆ. ಗೆರೆ ದಿನಗಟ್ಟಲೆ ಸಮತಟ್ಟಾಗಿ ಹೋಗಿ ಕೊನೆಯ ದಿನ ಧೊಪ್ಪನೆ ಬಿದ್ದರೆ, ಕೆಲಸ ನಿಂತಿತ್ತೆಂದು ಬೆಂಗಳೂರಿನಲ್ಲಿ ಕುಳಿತವರು ಓದುತ್ತಾರೆ. ಜೂನ್, ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಇಂಟರ್ನೆಟ್ ಕೈಕೊಟ್ಟಾಗ ಮನೆಯಿಂದ ಕೆಲಸ ಮಾಡುವವರು ಕೋಡ್ ಬರೆಯುತ್ತಲೇ ಇರಬಹುದು, ಆದರೆ ಸ್ಟೇಟಸ್ ಬದಲಿಸಲು ಅವರಿಗೆ ಆಗದು. ಚಾರ್ಟ್ ಎಣಿಸುವುದು ಸ್ಟೇಟಸ್ ಬದಲಾದ ಗಳಿಗೆಯನ್ನು. ಇದಕ್ಕೆ ಸುಲಭ ಪರಿಹಾರವಿದೆ: 15 ನಿಮಿಷದ ಡೈಲಿ ಸ್ಕ್ರಮ್‌ಗೆ ಅವರು ಫೋನಿನಲ್ಲಿ ಹೇಳಿದ್ದನ್ನು ತಂಡದ ಇನ್ನೊಬ್ಬರು ಆಗಲೇ ಬೋರ್ಡ್‌ನಲ್ಲಿ ದಾಖಲಿಸುವುದು. ಮಳೆಗಾಲದ ಸ್ಪ್ರಿಂಟ್‌ಗಳ ಸಾಮರ್ಥ್ಯವನ್ನು ಯೋಜನೆಯ ದಿನವೇ ತಗ್ಗಿಸಿ ಬರೆಯುವುದು ಅದಕ್ಕಿಂತ ಮುಖ್ಯ. ವೆಲಾಸಿಟಿಯ ಸರಾಸರಿಯಲ್ಲಿ ಜನವರಿಯೂ ಜುಲೈಯೂ ಒಂದೇ ಆಗಿ ಕಲೆತುಹೋಗುತ್ತವೆ. ಅವನ್ನು ಬಿಡಿಸಿ ನೋಡುವ ಕೆಲಸ ಸ್ಪ್ರಿಂಟ್ ಪ್ಲಾನಿಂಗ್‌ಗೆ ಕೂತವರದು.